ಒಂದು ಮೊಳದ ಲೆಕ್ಕ



ನಾವು ಕೂತಿರುವುದು ಟಿ. ದಾಸರಹಳ್ಳಿಯಲ್ಲಿ. ಪಕ್ಕದಲ್ಲೇ ಪೀಣ್ಯದ ಕಾರ್ಖಾನೆಗಳು. ಆದರೂ ನಿಮ್ಮಲ್ಲಿ ಹಲವರಿಗೆ ಊರಲ್ಲಿ ಹೊಲ ಇದೆ. ಕಳೆ ಕೀಳೋಕೆ, ಸುಗ್ಗಿಗೆ ಊರಿಗೆ ಹೋಗ್ತೀರಿ. ಈಗ ಕೆಲವು ಕಡೆ ಟ್ರ್ಯಾಕ್ಟರಿನಿಂದಲೇ ಬೆಳೆಗೆ ಔಷಧಿ ಹೊಡೆಯುತ್ತಾರೆ. ನಾವು ಔಷಧಿ ಅಂತೀವಿ. ಅದು ವಿಷ.

ಟ್ರ್ಯಾಕ್ಟರಿನ ಹಿಂದೆ ಉದ್ದನೆಯ ಅಡ್ಡ ತೋಳು ಇರುತ್ತದೆ. ಅದರ ಹೆಸರು ಬೂಮ್. ಅದರಲ್ಲಿ ಸಾಲಾಗಿ ನಾಜಲ್‌ಗಳು ಇರುತ್ತವೆ. ಪ್ರತಿ ನಾಜಲ್ ಬೀಸಣಿಗೆಯ ಹಾಗೆ ಹನಿ ಚೆಲ್ಲುತ್ತದೆ.

ಬೂಮ್ ಎಷ್ಟು ಎತ್ತರ ಇರಬೇಕು? ಸಾಮಾನ್ಯವಾಗಿ ಬೆಳೆಯ ತುದಿಯಿಂದ 50 ಸೆಂಟಿಮೀಟರ್. ಅಂದರೆ ಒಂದು ಮೊಳ, ಮೇಲೆ ಎರಡು ಮೂರು ಬೆರಳು. ನೆಲದಿಂದ ಅಳೆಯಬಾರದು. ಬೆಳೆ ಬೆಳೆದ ಹಾಗೆ ಬೂಮನ್ನೂ ಏರಿಸಬೇಕು. ನಿಮ್ಮ ಯಂತ್ರದ ಲೆಕ್ಕ ಅದರ ಪುಸ್ತಕದಲ್ಲಿ ಇರುತ್ತದೆ. ಓದಿ ನೋಡಿ.

ಬೂಮ್ ತಗ್ಗಾದರೆ ಏನಾಗುತ್ತೆ? ಒಂದು ಪಟ್ಟೆಗೆ ಹೆಚ್ಚು ಬೀಳುತ್ತೆ, ಪಕ್ಕದ ಪಟ್ಟೆಗೆ ಬೀಳೋದೇ ಇಲ್ಲ. ಎತ್ತರವಾದರೆ? ಹನಿ ಗಾಳಿಯಲ್ಲಿ ತೇಲಿ ಹೋಗುತ್ತೆ. ಪಕ್ಕದ ಸಾಲಿನಲ್ಲಿ ಕಳೆ ಕೀಳುವವರು ಯಾರು? ನೀರು ಹೊರುವವರು ಯಾರು? ನಾವೇ ತಾನೆ?

ಕಾಸರಗೋಡಿನ ಕಥೆ ಕೇಳಿ. ಅಲ್ಲಿ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷ ಹೊಡೆದರು. 20 ವರ್ಷಕ್ಕೂ ಹೆಚ್ಚು ಕಾಲ ಹೊಡೆದರು. 2000ದಲ್ಲಿ ಅದು ನಿಂತಿತು. ಅಷ್ಟರಲ್ಲಿ ವಿಷ ಮನೆಗಳ ಮೇಲೆ, ಬಾವಿಗಳಿಗೆ, ಹಳ್ಳಗಳಿಗೆ ಬಿದ್ದಿತ್ತು. ಎಣ್ಮಕಜೆಯಂಥ ಊರುಗಳಲ್ಲಿ ತಾಯಂದಿರು ಕಾಯಿಲೆಯ ಮಕ್ಕಳನ್ನು ಎತ್ತಿಕೊಂಡು ನ್ಯಾಯ ಕೇಳಿದರು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ಆ ವಿಷವನ್ನು ತಡೆಯಿತು. ಟ್ರ್ಯಾಕ್ಟರು ಹೆಲಿಕಾಪ್ಟರ್ ಅಲ್ಲ, ನಿಜ. ಆದರೆ ಎತ್ತರ ಹೆಚ್ಚಿದಷ್ಟೂ ವಿಷ ಗಾಳಿಯ ಪಾಲು.

ಹಾಗಾದರೆ ಹೊಡೆಯುವ ಮೊದಲು ಏನು ನೋಡಬೇಕು?

ಮೊದಲು ಬರೀ ನೀರು ತುಂಬಿ ಒಣನೆಲದ ಮೇಲೆ ಹೊಡೆಸಿ. ನೆಲ ಎಲ್ಲ ಕಡೆ ಒಂದೇ ಸಮ ನೆನೆಯಬೇಕು.

ಬೂಮಿನ ಎರಡು ತುದಿ, ನಡು, ಮೂರೂ ಕಡೆ ಎತ್ತರ ಅಳೆಯಿರಿ. ಒಂದು ತುದಿ ತಗ್ಗಾಗಿದೆಯೇ? ಆ ಕಡೆಯ ಟೈರಿನ ಗಾಳಿ ನೋಡಿಸಿ. ಬೋಲ್ಟು ಸಡಿಲ ಇದ್ದರೆ ಬಿಗಿ ಮಾಡಿಸಿ.

ಬೂಮ್ ಕುಣಿಯುತ್ತಿದೆಯೇ? ಟ್ರ್ಯಾಕ್ಟರ್ ನಿಧಾನ ಓಡಿಸಲು ಹೇಳಿ.

ನಾಜಲ್ ಕಟ್ಟಿದರೆ ಬಾಯಿಂದ ಊದಲೇಬಾರದು. ಯಂತ್ರ ನಿಲ್ಲಿಸಿ, ಕೈಗವಸು ಹಾಕಿ, ನೀರು ಮತ್ತು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಬೇಕು. ಆ ಬ್ರಷ್ ಬೇರೆ ಕೆಲಸಕ್ಕೆ ಬೇಡ.

ಗಾಳಿ ಜೋರಾಗಿದ್ದರೆ ಆ ದಿನ ಹೊಡೆಯುವುದೇ ಬೇಡ. ಹೊಡೆಯುವಾಗ ಮಕ್ಕಳು, ಬಸುರಿಯರು, ಬಾಣಂತಿಯರು ಹೊಲದ ಹತ್ತಿರ ಇರಬಾರದು.

"ಇದು ಗಂಡಸರ ಕೆಲಸ, ನಿಮಗೇನು ಗೊತ್ತು?" ಅಂತ ಯಾರಾದರೂ ಅಂದಾರು. ಜಗಳ ಬೇಡ. ಒಂದು ಕೋಲು ತೆಗೆದುಕೊಳ್ಳಿ. 50 ಸೆಂಟಿಮೀಟರಿಗೆ ಗುರುತು ಹಾಕಿ. ನೀವೇ 50 ಅಂತ ಬರೆಯಿರಿ. ಬೂಮಿನ ಪಕ್ಕ ನಿಲ್ಲಿಸಿ ತೋರಿಸಿ. ಅಳತೆ ಎಲ್ಲರ ಕಣ್ಣಿಗೂ ಒಂದೇ.