ಹೊಳೆಯುದ್ದದ ದಾರಿ, ಕಡಲುದ್ದದ ದಾರಿ



ಉತ್ತರ ಕನ್ನಡದ ಭಟ್ಕಳದಲ್ಲಿ ಬಸ್ಸು ಹತ್ತಿ ಕುಮಟಾಕ್ಕೆ ಹೊರಟರೆ ಇಂದು ಸುಮಾರು ಅರವತ್ತು ಕಿಲೋಮೀಟರ್ ದಾರಿ. ನಡುವೆ ಮುರ್ಡೇಶ್ವರ, ಮಂಕಿ, ಹೊನ್ನಾವರ. ಎಡಕ್ಕೆ ಕಡಲು, ಬಲಕ್ಕೆ ಘಟ್ಟ. ಹೊನ್ನಾವರದಲ್ಲಿ ಶರಾವತಿಯ ಸೇತುವೆ ಬಂದಾಗ ಕಿಟಕಿ ಪಕ್ಕದವರು ಒಮ್ಮೆ ತಲೆಯೆತ್ತಿ ನೋಡುತ್ತಾರೆ. ಹೊಳೆ ದಾಟಿದ್ದೂ ಆಯಿತು, ಮರೆತದ್ದೂ ಆಯಿತು. ಆದರೆ ಈ ಪ್ರಯಾಣ ಇಷ್ಟು ಸಲೀಸಾದದ್ದು ತೀರ ಇತ್ತೀಚೆಗೆ. ಬಹುಕಾಲ ಈ ಕರಾವಳಿಯ ಹೆದ್ದಾರಿಗಳೆಂದರೆ ಹೊಳೆಗಳೇ. ಅವು ತೆಂಕಣದಿಂದ ಬಡಗಣಕ್ಕಲ್ಲ, ಕಡಲಿನಿಂದ ಘಟ್ಟಕ್ಕೆ ಹೋಗುತ್ತಿದ್ದವು. ಆ ದಾರಿ ದಿಕ್ಕು ಬದಲಿಸಿದ ಕಥೆಯೇ ಇಂದಿನ ನನ್ನ ಮಾತು.

ಮೊದಲು ನೆಲದ ಗುಣ ನೋಡೋಣ. ಇಲ್ಲಿ ಸಹ್ಯಾದ್ರಿ ಕಡಲಿಗೆ ತೀರ ಹತ್ತಿರ ಬರುತ್ತದೆ. ನಡುವೆ ಉಳಿದದ್ದು ಗದ್ದೆ, ತೆಂಗಿನ ತೋಟ, ಮುರಕಲ್ಲಿನ ಗುಡ್ಡಗಳ ಒಂದು ಕಿರಿದಾದ ಪಟ್ಟಿ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಹೋಗುತ್ತದೆ. ಆ ನೀರೆಲ್ಲ ಪಡುವಣಕ್ಕೆ ಓಡಬೇಕು. ತೀರ್ಥಹಳ್ಳಿ ಬಳಿಯ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಜೋಗದಲ್ಲಿ 253 ಮೀಟರ್ ಧುಮುಕಿ, ಗೇರುಸೊಪ್ಪದಲ್ಲಿ ಬಯಲಿಗಿಳಿದು, ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಶಿರಸಿ ಸೀಮೆಯಲ್ಲಿ ಹುಟ್ಟುವ ಅಘನಾಶಿನಿ ಉಂಚಳ್ಳಿಯಲ್ಲಿ ಜಲಪಾತವಾಗಿ, ಮಿರ್ಜಾನಿನ ಪಕ್ಕದಲ್ಲಿ ಹರಿದು, ತದಡಿಯಲ್ಲಿ ಅಳಿವೆಯಾಗುತ್ತದೆ. ಭಟ್ಕಳಕ್ಕೂ ತನ್ನದೇ ಸಣ್ಣ ಹೊಳೆಯಿದೆ. ಅಂದರೆ ಕಡಲಂಚಿನಲ್ಲಿ ನಡೆದು ಹೋಗುವವನಿಗೆ ಹೆಜ್ಜೆಹೆಜ್ಜೆಗೂ ನೀರು ಅಡ್ಡ. ದೋಣಿಯಲ್ಲಿ ಒಳನಾಡಿಗೆ ಹೋಗುವವನಿಗೆ ಅದೇ ನೀರು ದಾರಿ.

ಈ ಅನುಕೂಲವನ್ನು ಹೊರಗಿನವರು ಬಹಳ ಹಿಂದೆಯೇ ಕಂಡುಕೊಂಡರು. ಮೊರಾಕ್ಕೊದ ಯಾತ್ರಿಕ ಇಬ್ನ್ ಬತೂತ 1342ರ ಸುಮಾರಿಗೆ ಹೊನ್ನಾವರಕ್ಕೆ ಬಂದ. ಊರಿನಲ್ಲಿ ಗಂಡುಮಕ್ಕಳಿಗೆ 23 ಶಾಲೆ, ಹೆಣ್ಣುಮಕ್ಕಳಿಗೆ 13 ಶಾಲೆ ಇದ್ದವೆಂದು ಅವನು ಬರೆದಿಟ್ಟಿದ್ದಾನೆ. ಅರಬ್ಬೀ ಕಡಲಿನ ವ್ಯಾಪಾರ ಇಲ್ಲಿ ಬರೀ ಸರಕನ್ನಲ್ಲ, ಒಂದು ಸಮಾಜವನ್ನೇ ಕಟ್ಟಿತ್ತು ಎಂಬುದಕ್ಕೆ ಇದೊಂದು ಸಾಕ್ಷಿ. ಭಟ್ಕಳದ ನವಾಯತ ಮುಸ್ಲಿಮರು ಆ ಸಂಬಂಧದ ಇಂದಿನ ವಾರಸುದಾರರು.

ವಿಜಯನಗರದ ಕಾಲಕ್ಕೆ ಭಟ್ಕಳ ದೊಡ್ಡ ಬಂದರಾಯಿತು. ಅರಬಸ್ತಾನದ ಮತ್ತು ಪರ್ಶಿಯಾದ ಕುದುರೆಗಳು ಇಲ್ಲಿ ಇಳಿದು ಘಟ್ಟ ಹತ್ತುತ್ತಿದ್ದವು. ಅಕ್ಕಿ, ಸಕ್ಕರೆ, ಕಬ್ಬಿಣ ಘಟ್ಟ ಇಳಿದು ಹಡಗೇರುತ್ತಿದ್ದವು. ಸರಕು ಹೊರುತ್ತಿದ್ದದ್ದು ಹೇರೆತ್ತುಗಳ ಸಾಲು. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದರು. ಅವರಿಗೆ ನೆರವಾದ ತಿಮ್ಮೋಜ ಹೊನ್ನಾವರವನ್ನು ನೆಲೆ ಮಾಡಿಕೊಂಡಿದ್ದ ನಾವಿಕ. ಆಮೇಲೆ ಕುದುರೆ ವ್ಯಾಪಾರವನ್ನು ಪೋರ್ಚುಗೀಸರು ಗೋವೆಗೇ ಎಳೆದುಕೊಂಡದ್ದರಿಂದ ಭಟ್ಕಳದ ಕಳೆ ಇಳಿಯಿತು. ಆ ಸಿರಿವಂತಿಕೆಯ ಕುರುಹು ನೋಡಬೇಕೆನ್ನುವವರು ಮೂಡಭಟ್ಕಳದ ಖೇತಪೈ ನಾರಾಯಣ ದೇವಸ್ಥಾನದ ಕಲ್ಲಿನ ಕೆತ್ತನೆ ನೋಡಬೇಕು.

ಕುದುರೆ ಹೋದರೂ ಕಾಳುಮೆಣಸು ಉಳಿಯಿತು. 16ನೆಯ ಶತಮಾನದಲ್ಲಿ ಗೇರುಸೊಪ್ಪದಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರೆದದ್ದೇ ‘ಮೆಣಸಿನ ರಾಣಿ’ ಎಂದು. ಅವಳ ರಾಜಧಾನಿ ಕಡಲ ದಂಡೆಯಲ್ಲಿರಲಿಲ್ಲ. ಹೊನ್ನಾವರದಿಂದ ಹೊಳೆಯಲ್ಲಿ ಮೂವತ್ತು ಕಿಲೋಮೀಟರಿನಷ್ಟು ಒಳಗೆ, ದೋಣಿದಾರಿ ಮುಗಿದು ಘಟ್ಟದ ದಾರಿ ಶುರುವಾಗುವಲ್ಲಿತ್ತು. ಮೇಲಿನ ಮೆಣಸು ಕೆಳಗೆ ಬರಬೇಕಾದರೂ ಕೆಳಗಿನ ಉಪ್ಪು ಮೇಲೆ ಹೋಗಬೇಕಾದರೂ ಆ ಊರನ್ನು ದಾಟಲೇಬೇಕಿತ್ತು. ಅಘನಾಶಿನಿಯ ಮೇಲೆ ಮಿರ್ಜಾನ್ ಕೋಟೆ ನಿಂತ ಜಾಗವೂ ಇದೇ ಲೆಕ್ಕಾಚಾರದ್ದು.

1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ, ಕೆಳದಿಯ ಅರಸ ವೆಂಕಟಪ್ಪ ನಾಯಕನ ಇಕ್ಕೇರಿಯ ಆಸ್ಥಾನಕ್ಕೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ಇದೇ ದಾರಿ ಹಿಡಿದ. ಹೊನ್ನಾವರದಲ್ಲಿ ದೋಣಿ ಹತ್ತಿ, ಶರಾವತಿಯ ಎರಡು ದಂಡೆಯ ಚೆಲುವನ್ನು ಮೆಚ್ಚುತ್ತ ಗೇರುಸೊಪ್ಪಕ್ಕೆ ಬಂದ. ಆ ಹೊತ್ತಿಗೆ ರಾಣಿಯ ಊರು ಹಾಳುಬಿದ್ದಿತ್ತು, ಸೀಮೆ ಕೆಳದಿಯವರ ಕೈಸೇರಿತ್ತು. ಇಂದು ಅಲ್ಲಿ ಕಾಡಿನ ನಡುವೆ ಚತುರ್ಮುಖ ಬಸದಿ ನಿಂತಿದೆ. ನಾಲ್ಕು ದಿಕ್ಕಿಗೂ ಬಾಗಿಲು.

1799ರಲ್ಲಿ ಕೆನರಾ, ಅಂದರೆ ಈ ಕರಾವಳಿ ಸೀಮೆ, ಇಂಗ್ಲಿಷರ ವಶವಾಯಿತು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಕರಾವಳಿಯುದ್ದಕ್ಕೂ ಊರೂರು ನೋಡುತ್ತ, ಬೆಳೆ, ಗೇಣಿ, ಕಸುಬುಗಳ ಲೆಕ್ಕ ಬರೆಯುತ್ತ ಸಾಗಿದ. 1862ರಲ್ಲಿ ಉತ್ತರ ಕನ್ನಡ ಮದರಾಸು ಪ್ರಾಂತ ಬಿಟ್ಟು ಮುಂಬಯಿ ಪ್ರಾಂತಕ್ಕೆ ಸೇರಿತು. ಅದೇ ವರ್ಷಗಳಲ್ಲಿ ಅಮೆರಿಕೆಯಲ್ಲಿ ಅಂತರ್ಯುದ್ಧ ನಡೆದು, ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತುಹೋಯಿತು. ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಆ ಹತ್ತಿ ಘಟ್ಟ ಇಳಿದು ಹಡಗು ಹತ್ತುತ್ತಿದ್ದದ್ದು ಕುಮಟಾದಲ್ಲಿ. ಒಂದು ಹಿಡಿ ಹತ್ತಿಯನ್ನೂ ಬೆಳೆಯದ ಈ ಊರಿನ ಹೆಸರು ಮುಂಬಯಿಯ ಪೇಟೆಯಲ್ಲಿ ಒಂದು ಜಾತಿಯ ಹತ್ತಿಗೇ ಅಂಟಿಕೊಂಡಿತು. ಆದರೆ 1880ರ ದಶಕದಲ್ಲಿ ಹುಬ್ಬಳ್ಳಿ ಕಡೆಯಿಂದ ಮರ್ಮಗೋವಾ ಬಂದರಕ್ಕೆ ರೈಲು ಹಾಕಿದ್ದೇ ತಡ, ಹತ್ತಿ ಆ ಕಡೆ ತಿರುಗಿತು. ಕುಮಟಾದ ಬಂದರ ಬರಿದಾಯಿತು.

ಬಳಿಕದ ಕಾಲ ಆಗಬೋಟಿನದು, ಅಂದರೆ ಉಗಿಹಡಗಿನದು. ಮುಂಬಯಿಗೆ ಓದಲು, ದುಡಿಯಲು ಹೋಗುವವರು ಬಂದರಕ್ಕೆ ಬಂದು, ಸಣ್ಣ ದೋಣಿಯಲ್ಲಿ ಆಳಸಮುದ್ರಕ್ಕೆ ಹೋಗಿ ಬೋಟು ಹತ್ತಬೇಕಿತ್ತು. ಮಳೆಗಾಲ ಬಂತೆಂದರೆ ಅದೂ ಬಂದ್. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಜನರ ಮುಖ ಮುಂಬಯಿಯಿಂದ ಬೆಂಗಳೂರಿನತ್ತ ತಿರುಗಿತು. ಹೊಳೆಗಳಿಗೆ ಒಂದೊಂದಾಗಿ ಸೇತುವೆ ಬಂದವು, ಹೊಳೆ ದಾಟಿಸುವ ತಾರಿದೋಣಿಗಳು ಒಂದೊಂದಾಗಿ ನಿಂತವು, ಬಿಡಿಬಿಡಿ ರಸ್ತೆಗಳು ಕೂಡಿ ಹೆದ್ದಾರಿ 17 ಆಯಿತು. ಅದೇ ಈಗಿನ 66. ಘಟ್ಟದ ಮೇಲೆ ತಾಳಗುಪ್ಪದ ತನಕ ಬಂದ ರೈಲು ಮಾತ್ರ ಕೆಳಗೆ ಇಳಿಯಲೇ ಇಲ್ಲ.

ಕೊನೆಗೆ ರೈಲು ಬಂದದ್ದು ಕಡಲಿನ ಉದ್ದಕ್ಕೆ. 1998ರ ಜನವರಿ 26ರಂದು ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದುಕೊಂಡಿತು. ಆ ಇಡೀ ಮಾರ್ಗದಲ್ಲಿ ಅತಿ ಉದ್ದದ ಸೇತುವೆ ಇರುವುದು ನಮ್ಮ ಹೊನ್ನಾವರದಲ್ಲೇ, ಶರಾವತಿಯ ಮೇಲೆ. ಉದ್ದ 2,065 ಮೀಟರಿಗೂ ತುಸು ಹೆಚ್ಚು. ಒಂದು ಕಾಲಕ್ಕೆ ತಾರಿಯವನನ್ನು ಕೂಗಿ ಕರೆದು ಕಾಯಬೇಕಿದ್ದ ಹೊಳೆ ಅದು.

ದಾರಿ ದಿಕ್ಕು ಬದಲಿಸಿದ್ದರಿಂದ ಲಾಭವೇ ಹೆಚ್ಚು, ಸಂಶಯವಿಲ್ಲ. ಮಂಗಳೂರಿನ ಆಸ್ಪತ್ರೆಗೆ ಕೆಲವೇ ಗಂಟೆಯಲ್ಲಿ ಮುಟ್ಟುತ್ತೇವೆ. ಆದರೆ ಹೆದ್ದಾರಿಯನ್ನು ಅಗಲ ಮಾಡಲು ಗುಡ್ಡಗಳನ್ನು ನೇರವಾಗಿ ಕಡಿದಲ್ಲೆಲ್ಲ ಮಳೆಗಾಲದ ಭಯ ಹೆಚ್ಚಿದೆ. 2024ರ ಜುಲೈ 16ರಂದು ಪಕ್ಕದ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿದು ಜೀವಗಳು ಹೋದದ್ದನ್ನು ಯಾರೂ ಮರೆತಿಲ್ಲ.

ಇನ್ನೊಂದು ನಷ್ಟ ನೋಟದ್ದು. ಹೆದ್ದಾರಿಯಲ್ಲೇ ಓಡುವವರಿಗೆ ಈ ಸೀಮೆ ಎಂದರೆ ಮುರ್ಡೇಶ್ವರದ ಶಿವ, ಗೋಕರ್ಣದ ಓಂ ಬೀಚು, 2020ರಲ್ಲಿ ನೀಲಿಬಾವುಟದ ಮನ್ನಣೆ ಪಡೆದ ಕಾಸರಕೋಡಿನ ಮರಳು, ಬೇಸಿಗೆಯಲ್ಲಿ ಕುಮಟಾದ ರಸ್ತೆ ಬದಿಗೆ ಸೊಪ್ಪು ಸಮೇತ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ, ಅಷ್ಟೇ. ತದಡಿಗೂ ಅಘನಾಶಿನಿ ಊರಿಗೂ ನಡುವೆ ದೋಣಿ ದಾಟುವವರು ಬೇರೆಯದನ್ನು ಕಾಣುತ್ತಾರೆ. ನೀರು ಇಳಿದ ಹೊತ್ತಿಗೆ ಜನ ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಕಾಲಿನಿಂದಲೇ ತಡಕಿ, ಮುಳುಗಿ ಬೆಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುತ್ತಾರೆ. ಗಜನಿ ಗದ್ದೆಯಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ, ಆಚೆ ಸಾಣಿಕಟ್ಟಾದಲ್ಲಿ ಬಿಸಿಲಿಗೆ ಹರಳುಗಟ್ಟುವ ಉಪ್ಪು. ದೊಡ್ಡ ಅಣೆಕಟ್ಟು ಕಾಣದ ಹೊಳೆಯ ಈ ಅಳಿವೆ 2024ರಲ್ಲಿ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿತು.

ಹಾಗಾಗಿ ಈ ಕಡೆ ಬರುವವರಿಗೆ ಒಂದು ಮಾತು. ಬಿಸಿಲು ಹಿತವಾಗಿರುವ ನವೆಂಬರ್‌ನಿಂದ ಫೆಬ್ರವರಿಯೊಳಗೆ ಬನ್ನಿ. ಭಟ್ಕಳ, ಮುರ್ಡೇಶ್ವರ, ಹೊನ್ನಾವರ, ಕುಮಟಾ ನಾಲ್ಕು ಕಡೆಯೂ ರೈಲು ನಿಲ್ದಾಣವಿದೆ. ಬಂದವರು ಕಡಲ ದಂಡೆಯಲ್ಲೇ ಓಡಾಡಿ ಮರಳಬೇಡಿ. ಹೊನ್ನಾವರದಿಂದ ಶರಾವತಿಯ ಪಕ್ಕದಲ್ಲೇ ಗೇರುಸೊಪ್ಪಕ್ಕೆ ಹೋಗಿ ಜೋಗಕ್ಕೆ ಹತ್ತಿ. ಕುಮಟಾದಿಂದ ಮಿರ್ಜಾನ್ ನೋಡಿ, ದೇವಿಮನೆ ಘಟ್ಟ ತೆರೆದಿದೆಯೇ ಎಂದು ವಿಚಾರಿಸಿಕೊಂಡು ಶಿರಸಿಗೆ ಹೊರಡಿ. ಭಟ್ಕಳದಿಂದ ಕೋಗಾರ ಘಟ್ಟದ ದಾರಿ ಹಿಡಿಯಿರಿ. ಈ ಮೂರು ಊರುಗಳನ್ನು ಬೆಳೆಸಿದ್ದು ಆ ಮೂರು ದಾರಿಗಳು.