ವಾಪಸು ಕೇಳದ ಕಾಣಿಕೆ



ಈ ಉಪನ್ಯಾಸದ ದತ್ತಿಯನ್ನು ಇಟ್ಟವರು ಎರಡು ಷರತ್ತು ಹಾಕಿದ್ದಾರಂತೆ. ಉಪನ್ಯಾಸ ಕನ್ನಡದಲ್ಲೇ ಆಗಬೇಕು. ತಮ್ಮ ಹೆಸರು ಆಹ್ವಾನ ಪತ್ರಿಕೆಯಲ್ಲಾಗಲಿ ಪುಸ್ತಿಕೆಯಲ್ಲಾಗಲಿ ಬರಕೂಡದು. ಮೊದಲ ಷರತ್ತನ್ನು ನಾನು ಪಾಲಿಸಬಲ್ಲೆ. ಎರಡನೆಯದು ಕಷ್ಟ. ಹೊರಗೆ ಚಹಾ ಕುಡಿಯುವಾಗ, ಹೆಸರು ಬೇಡವೆಂದ ಆ ಪುಣ್ಯಾತ್ಮರು ಯಾರಿರಬಹುದೆಂಬ ಊಹೆಗಳು ಆಗಲೇ ಕಿವಿಗೆ ಬಿದ್ದವು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಯೇಸು ಬೆಟ್ಟದ ಮೇಲೆ ಹೇಳಿದ. ಎಡಗೈ ಸುಮ್ಮನಿದ್ದೀತು, ಅಕ್ಕಪಕ್ಕದವರು ಇರುವುದಿಲ್ಲ.

ಕ್ರೈಸ್ತ ನಂಬಿಕೆಯಲ್ಲಿ ಕೊಡುವುದು, ಪಡೆಯುವುದು ಮತ್ತು ಪಡೆದದ್ದನ್ನು ನೆನೆಯುವುದು ಇಂದಿನ ವಿಷಯ. ಪ್ರಸಂಗ ಮಾಡಲು ನಾನು ಸಭಾಪಾಲಕನಲ್ಲ. ನಾಗಪುರದಲ್ಲಿ ನಿಂತು ಮಾತಾಡುವವನಿಗೆ ಅದರ ಅಗತ್ಯವೂ ಬೀಳುವುದಿಲ್ಲ. ಈ ಊರಿನ ಒಂದು ಹಳೆಯ ಕಾಲೇಜಿನ ಬುಡ ಕೆದಕಿದರೆ ಇದೇ ವಿಷಯ ಸಿಗುತ್ತದೆ. ನಿಮ್ಮಲ್ಲಿ ಹಲವರ ಮಕ್ಕಳು ಓದಿದ, ಸಿವಿಲ್ ಲೈನ್ಸಿನ ಹಿಸ್ಲಪ್ ಕಾಲೇಜನ್ನು ಕುರಿತು ಹೇಳುತ್ತಿದ್ದೇನೆ.

ಕಥೆ ಸ್ಕಾಟ್ಲೆಂಡಿನಲ್ಲಿ ಶುರುವಾಗುತ್ತದೆ. 1843ರ ಮೇ ತಿಂಗಳಲ್ಲಿ ಅಲ್ಲಿನ ಚರ್ಚು ಒಡೆಯಿತು. ಸಭೆಗೆ ಪಾದ್ರಿಯನ್ನು ನೇಮಿಸುವ ಹಕ್ಕು ಜಮೀನ್ದಾರನದೋ ಸಭೆಯದೋ ಎಂಬುದೇ ಜಗಳ. ಸುಮಾರು 470 ಪಾದ್ರಿಗಳು ಸಂಬಳ, ಮನೆ, ಚರ್ಚಿನ ಕಟ್ಟಡ ಎಲ್ಲವನ್ನೂ ಬಿಟ್ಟು ಹೊರಬಂದು ಫ್ರೀ ಚರ್ಚ್ ಕಟ್ಟಿದರು. ಅವರ ಹೊಟ್ಟೆಪಾಡಿಗೆ ದಾರಿ ಹುಡುಕಿದವನು ಥಾಮಸ್ ಚಾಮರ್ಸ್. ಒಬ್ಬೊಬ್ಬರು ವಾರಕ್ಕೊಂದು ಪೆನ್ನಿ ಕೊಟ್ಟರೆ ಸಾಕು ಎಂದು ಅವನು ಲೆಕ್ಕ ಹಾಕಿದ. ಎಲ್ಲ ಊರಿನ ಪೆನ್ನಿಗಳೂ ಒಂದೇ ನಿಧಿಗೆ ಹೋಗಿ, ಅಲ್ಲಿಂದ ಪಾದ್ರಿಗಳಿಗೆ ಸಮಪಾಲು ಬರುತ್ತಿತ್ತು. ಶ್ರೀಮಂತ ಬಡಾವಣೆಯ ಪಾದ್ರಿಗೂ ಗುಡ್ಡದ ಮೇಲಿನ ಬಡ ಹಳ್ಳಿಯ ಪಾದ್ರಿಗೂ ಒಂದೇ ಪಾಲು. ದಾನಶೂರರನ್ನು ಹೊಗಳುವ ನಮಗೆ ಈ ವ್ಯವಸ್ಥೆ ಸಪ್ಪೆಯೆನಿಸಬಹುದು. ಕೊಡುವವನನ್ನೂ ಪಡೆಯುವವನನ್ನೂ ಮುಖಾಮುಖಿ ನಿಲ್ಲಿಸದ ಇಂಥ ಏರ್ಪಾಟು ದೊಡ್ಡ ದೇಣಿಗೆಗಳಿಗಿಂತ ಹೆಚ್ಚು ಘನತೆಯದು ಎಂಬುದು ನನ್ನ ಅಭಿಪ್ರಾಯ.

ತನ್ನ ಪಾದ್ರಿಗಳಿಗೇ ಸರಿಯಾಗಿ ಸೂರಿಲ್ಲದ ಕಾಲದಲ್ಲಿ ಈ ಚರ್ಚು ನಾಗಪುರಕ್ಕೆ ಹೊಸ ಮಿಷನ್ ಕಳಿಸಲು ಒಪ್ಪಿತು. ಅದಕ್ಕೆ ಮೊದಲ ಹಣ ಕೊಟ್ಟವನು ಮದ್ರಾಸ್ ಸೇನೆಯ ಹಿಲ್ ಎಂಬ ಅಧಿಕಾರಿ. ಇಲ್ಲಿಗೆ ಹತ್ತಿರದ ಕಾಂಪ್ಟಿಯಲ್ಲಿ ಆಗ ಮದ್ರಾಸ್ ಸೇನೆಯ ದಂಡು ಇತ್ತು. ಆ ಊರಿನಲ್ಲಿ ಇಂದಿಗೂ ತೆಲುಗು, ತಮಿಳು ಮನೆತನಗಳಿರುವುದಕ್ಕೆ ಅದೇ ಕಾರಣ. ಹೀಗೆ ಒಬ್ಬ ಅಧಿಕಾರಿಯ ದತ್ತಿಯೂ ಸಾವಿರಾರು ಜನರ ಪುಡಿಗಾಸೂ ಸೇರಿ 1845ರಲ್ಲಿ ಸ್ಟೀಫನ್ ಹಿಸ್ಲಪ್ ಎಂಬ ಇಪ್ಪತ್ತೇಳರ ಯುವಕನನ್ನು ಭೋಂಸಲೆ ಅರಸರ ಈ ಊರಿಗೆ ತಂದು ಇಳಿಸಿದವು. ಮರುವರ್ಷ ಶಾಲೆ ಶುರುವಾಯಿತು.

ಕೊಟ್ಟವರು ಏನು ಬಯಸಿದ್ದರೆಂಬುದರಲ್ಲಿ ಗುಟ್ಟೇನಿಲ್ಲ. ಜನ ಕ್ರೈಸ್ತರಾಗಬೇಕಿತ್ತು. ಆ ಲೆಕ್ಕದಲ್ಲಿ ನೋಡಿದರೆ ಹಿಸ್ಲಪ್ಪನ ಹದಿನೆಂಟು ವರ್ಷದ ದುಡಿಮೆಗೆ ಸಿಕ್ಕ ಫಲ ಅಲ್ಪ. ಇನ್ನೊಂದು ಲೆಕ್ಕವೂ ಇದೆ. ಹಿಸ್ಲಪ್ ಮತ್ತು ಜೊತೆಗಾರ ರಾಬರ್ಟ್ ಹಂಟರ್ ಊರಾಚೆಯ ಟಾಕ್ಳಿಯ ಕಡೆ ತಿರುಗಾಡುವಾಗ ಕಲ್ಲಿನಲ್ಲಿ ಹುದುಗಿದ ಬಸವನಹುಳುವಿನ ಚಿಪ್ಪುಗಳನ್ನು ಕಂಡರು. ಕಪ್ಪು ಬಸಾಲ್ಟ್ ಪದರಗಳ ನಡುವೆ ಸಿಹಿನೀರಿನ ಹುಳುವಿನ ಚಿಪ್ಪು! ಲಾವಾ ಒಮ್ಮೆ ಹರಿದು, ಆರಿ, ಮೇಲೆ ಕೆರೆಕುಂಟೆ ಹುಟ್ಟಿ, ಜೀವ ಕೂಡಿ, ಆಮೇಲೆ ಮತ್ತೆ ಲಾವಾ ಹರಿದಿತ್ತು ಎಂಬುದಕ್ಕೆ ಅದು ಸಾಕ್ಷಿ. ದಖ್ಖನ್ ಪ್ರಸ್ಥಭೂಮಿ ಹುಟ್ಟಿದ ಬಗೆಯನ್ನು ಅರಿಯಲು ನಾಗಪುರದ ಈ ಕಲ್ಲುಗಳು ಲಂಡನ್ನಿನ ವಿದ್ವಾಂಸರ ಮೇಜು ಸೇರಿದವು. ಒಂದು ಖನಿಜಕ್ಕೆ ಹಿಸ್ಲಪೈಟ್ ಎಂದೇ ಹೆಸರು ಬಿತ್ತು. ಗೊಂಡರ ನಡುವೆ ಓಡಾಡಿದ ಅವನು ಅವರ ಮೂಲಪುರುಷ ಲಿಂಗೋನ ಹಾಡನ್ನೂ ಬರೆಸಿಕೊಂಡಿದ್ದ. 1863ರ ಸೆಪ್ಟೆಂಬರ್ 4ರಂದು ಟಾಕಳಘಾಟದ ಕಲ್ಲುವೃತ್ತಗಳನ್ನು ನೋಡಿ ಮರಳುವಾಗ ಮಳೆಗೆ ಉಕ್ಕಿದ್ದ ಹಳ್ಳದಲ್ಲಿ ಮುಳುಗಿ ಸತ್ತ. ಅವನ ಟಿಪ್ಪಣಿಗಳನ್ನು ಕೂಡಿಸಿ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ 1866ರಲ್ಲಿ ಅಚ್ಚು ಹಾಕಿಸಿದ. ಹೆಸರು ಹೊತ್ತ ಕಾಲೇಜು ಬಂದದ್ದು 1883ರಲ್ಲಿ.

ಡಂಡಿಯಲ್ಲೋ ಗ್ಲಾಸ್ಗೊದಲ್ಲೋ ವಾರದ ಕೂಲಿಯಿಂದ ಪೆನ್ನಿ ತೆಗೆದಿಟ್ಟ ನೇಯ್ಗೆಯವಳು ಗೊಂಡರ ಹಾಡು ಉಳಿಯಲೆಂದು ಕೊಟ್ಟಿರಲಿಲ್ಲ. ಆದರೂ ಅದು ಉಳಿಯಿತು. ಕೊಟ್ಟ ಮೇಲೆ ಕಾಣಿಕೆ ಕೊಟ್ಟವರ ಮಾತು ಕೇಳುವುದಿಲ್ಲ. ನಾನು ಇವತ್ತು ಹೇಳಬೇಕೆಂದು ಬಂದದ್ದು ಮುಖ್ಯವಾಗಿ ಇದನ್ನೇ.

ಇಲ್ಲಿಗೆ ನಿಲ್ಲಿಸಿದ್ದರೆ ಕಥೆ ಚೆನ್ನಾಗಿತ್ತು. ಅದೇ ಫ್ರೀ ಚರ್ಚು 1844ರಲ್ಲಿ ಅಮೆರಿಕಕ್ಕೂ ಹಣ ಎತ್ತಲು ಜನ ಕಳಿಸಿತ್ತು. ಸುಮಾರು 3,000 ಪೌಂಡು ಬಂತು. ಅದರಲ್ಲಿ ದಕ್ಷಿಣದ ರಾಜ್ಯಗಳ ಗುಲಾಮರ ಒಡೆಯರು ಕೊಟ್ಟದ್ದೂ ಇತ್ತು. 1846ರಲ್ಲಿ ಫ್ರೆಡರಿಕ್ ಡಗ್ಲಸ್ ಸ್ಕಾಟ್ಲೆಂಡಿಗೆ ಬಂದ. ಗುಲಾಮನಾಗಿ ಹುಟ್ಟಿ, ತಪ್ಪಿಸಿಕೊಂಡು ಬಂದವನು. ಊರೂರಿನ ಸಭೆಗಳಲ್ಲಿ ಅವನದು ಒಂದೇ ಕೂಗು: ಆ ದುಡ್ಡು ವಾಪಸು ಕಳಿಸಿ. ಎಡಿನ್‌ಬರೊದ ಗೋಡೆಗಳ ಮೇಲೂ ಅದನ್ನೇ ಬರೆದರು. ಚರ್ಚು ಕಳಿಸಲಿಲ್ಲ. ಆ ಹಣ ನಾಗಪುರಕ್ಕೆ ಬಂತೆಂದು ನಾನು ಹೇಳುತ್ತಿಲ್ಲ. ಜಮೀನ್ದಾರನ ಹಂಗು ಬೇಡವೆಂದು ಮನೆಮಠ ಬಿಟ್ಟು ಬಂದವರೇ ಒಡೆಯರ ಹಂಗಿಗೆ ಸಿಕ್ಕರಲ್ಲ ಎಂಬುದು ನನ್ನನ್ನು ಕಾಡುತ್ತದೆ. ಕಾಣಿಕೆಯ ತಟ್ಟೆಗೆ ಬಿದ್ದ ಹಣ ತಾನಾಗಿ ಶುದ್ಧವಾಗುತ್ತದೆ ಎಂಬ ನಂಬಿಕೆ ಎಲ್ಲ ಧರ್ಮದವರಲ್ಲೂ ಇದೆ. ಹುಂಡಿಗೆ ಮೂಗಿಲ್ಲ ಎನ್ನುತ್ತಾರೆ. ಅದೇ 1846ರಲ್ಲಿ ಇಂಗ್ಲೆಂಡಿನ ಗೆಳೆಯರು 150 ಪೌಂಡು ಕೂಡಿಸಿ ಡಗ್ಲಸ್‌ನ ಬಿಡುಗಡೆಯನ್ನು ಅವನ ಒಡೆಯನಿಂದ ಕೊಂಡುಕೊಟ್ಟರು. ಮನುಷ್ಯನಿಗೆ ಬೆಲೆ ಕಟ್ಟಿದಂತಾಯಿತೆಂದು ಗುಲಾಮಗಿರಿಯ ವಿರೋಧಿಗಳಲ್ಲೇ ಕೆಲವರು ಸಿಟ್ಟಾದರು. ಒಳ್ಳೆಯ ಕಾಣಿಕೆಯೂ ಕೈ ಕೊಳೆ ಮಾಡಿಕೊಳ್ಳದೆ ಸಾಗುವುದು ಅಪರೂಪ.

ಸುವಾರ್ತೆಗಳಲ್ಲೇ ಈ ಇಕ್ಕಟ್ಟು ಇದೆ. ಬಡ ವಿಧವೆ ದೇವಾಲಯದ ಬೊಕ್ಕಸಕ್ಕೆ ಎರಡು ಕಾಸು ಹಾಕಿದ ಪ್ರಸಂಗವನ್ನು ಸ್ತೋತ್ರ ಕಾಣಿಕೆಯ ಭಾನುವಾರ ಕೇಳದವರಿಲ್ಲ. ಮಾರ್ಕನ ಹನ್ನೆರಡನೆಯ ಅಧ್ಯಾಯದಲ್ಲಿ ಅದನ್ನು ಕೆಲವು ವಚನ ಮುಂಚಿನಿಂದ ಓದಿ. ವಿಧವೆಯರ ಮನೆ ನುಂಗುವ ಶಾಸ್ತ್ರಿಗಳನ್ನು ಯೇಸು ಬೈದದ್ದು ಅಲ್ಲಿದೆ. ಬೈದ ಬೆನ್ನಿಗೇ ಈ ಹೆಂಗಸು ಬಂದು ತನ್ನ ಬದುಕಿಗಿದ್ದ ಅಷ್ಟನ್ನೂ ಹಾಕಿಬಿಡುತ್ತಾಳೆ. ಅವಳು ಎಲ್ಲರಿಗಿಂತ ಹೆಚ್ಚು ಕೊಟ್ಟಳೆಂದು ಯೇಸು ಹೇಳಿದ್ದು ನಿಜ. ನೀವೂ ಹಾಗೆ ಮಾಡಿ ಎಂದು ಹೇಳಲಿಲ್ಲ. ಅದು ಮೆಚ್ಚುಗೆಯೋ ಮರುಕವೋ ಎಂದು ಬೈಬಲ್ ಪಂಡಿತರು ಇಂದಿಗೂ ವಾದಿಸುತ್ತಾರೆ. ನನಗೆ ಎರಡೂ ಕೇಳಿಸುತ್ತದೆ. ಆ ಸಂಜೆ ಅವಳು ಏನು ಉಂಡಳು ಎಂದು ಕೇಳದ ಸಭೆ ಅವಳ ಕಥೆ ಹೇಳಿ ಹಣ ಎತ್ತಬಾರದು.

ಹತ್ತು ಮಂದಿ ಕುಷ್ಠರೋಗಿಗಳದು ಇನ್ನೊಂದು ಪ್ರಸಂಗ, ಲೂಕನದು. ಹತ್ತೂ ಮಂದಿಗೆ ಗುಣವಾಯಿತು. ಹಿಂದಿರುಗಿ ಬಂದು ಕಾಲಿಗೆ ಬಿದ್ದವನು ಒಬ್ಬನೇ. ಅವನು ಸಮಾರ್ಯದವನು, ಯೆಹೂದ್ಯರು ಪಂಕ್ತಿಗೆ ಸೇರಿಸದ ಜನ. ಮಿಕ್ಕ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳಿದ. ಕೇಳಿದ ದನಿಯಲ್ಲಿ ನೋವಿದೆ. ಆದರೆ ಒಂಬತ್ತು ಮಂದಿಯ ಚರ್ಮ ಮತ್ತೆ ಕೆಡಲಿಲ್ಲ. ಕೃತಜ್ಞತೆ ಹೇಳದವನಿಂದ ಗುಣವನ್ನು ಕಿತ್ತುಕೊಳ್ಳುವ ಮಾತು ಅಲ್ಲಿಲ್ಲ. ಇದನ್ನು ನಾನು ಪ್ರಸಂಗಪೀಠದಿಂದ ಕೇಳಿದ್ದು ಕಡಿಮೆ. ಶಾಲೆಯಲ್ಲಿ ಓದಿಸಿದೆವು, ಆಸ್ಪತ್ರೆಯಲ್ಲಿ ಮದ್ದು ಕೊಟ್ಟೆವು, ಆದರೂ ನಮ್ಮವರಾಗಲಿಲ್ಲ ಎಂದು ಕೊರಗಿದ ಹಳೆಯ ಮಿಷನ್ ವರದಿಗಳನ್ನು ಓದುವಾಗ ಈ ಒಂಬತ್ತು ಮಂದಿ ನೆನಪಾಗುತ್ತಾರೆ. ಉಪಕಾರ ಮಾಡಿದ್ದನ್ನು ಎತ್ತಿ ಆಡುವ ನೆಂಟರು ನಮ್ಮ ಮನೆಗಳಲ್ಲೂ ಇದ್ದಾರೆ. ಅವರು ಕೊಟ್ಟದ್ದು ಸಾಲವಾಗಿತ್ತೆಂದು ಆಗ ತಿಳಿಯುತ್ತದೆ.

ಪೌಲನ ಬಗ್ಗೆ ಒಂದೇ ಮಾತು. ಯೆರೂಸಲೇಮಿನ ಬಡವರಿಗೆ ಹಣ ಕೂಡಿಸುವಾಗ ಅವನು ಕೊರಿಂಥದವರಿಗೆ ವಾರದ ಮೊದಲ ದಿನ ಕೈಲಾದಷ್ಟು ತೆಗೆದಿಡಿ ಎಂದ. ಹಣ ಸಾಗಿಸುವಾಗ ತನ್ನ ಮೇಲೆ ಯಾರೂ ಬೆರಳು ತೋರಬಾರದೆಂದು ಸಭೆಗಳು ಆರಿಸಿದವರನ್ನೂ ಜೊತೆಗಿಟ್ಟುಕೊಂಡ. ಭಕ್ತಿ ಭಕ್ತಿಯ ಕಡೆ, ಲೆಕ್ಕ ಲೆಕ್ಕದ ಕಡೆ. ಚರ್ಚ್ ಕಮಿಟಿಗಳು ಇದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕು.

ವಾರದ ಕಾಸಿನ ಮಾತು ಬಂದಾಗ ಕನ್ನಡಿಗರಾದ ನಾವು ಒಂದು ಋಣ ನೆನೆಯಬೇಕು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿಗೂ ದುಡ್ಡು ಬಂದದ್ದು ಇದೇ ರೀತಿ. 1855ರಲ್ಲಿ ಬಾಸೆಲ್ಲಿನ ರೇಷ್ಮೆ ಉದ್ಯಮಿ ಕಾರ್ಲ್ ಸರಾಸಿನ್ ಅರ್ಧ ಬಾಟ್ಸೆನ್ ನಿಧಿ ಶುರು ಮಾಡಿದ. ಬಾಟ್ಸೆನ್ ಎಂದರೆ ಅಲ್ಲಿನ ಹಳೆಯ ಚಿಲ್ಲರೆ ನಾಣ್ಯ. ವಾರಕ್ಕೆ ಅದರಲ್ಲಿ ಅರ್ಧ. ಸ್ವಿಟ್ಜರ್ಲೆಂಡ್ ಮತ್ತು ವ್ಯುರ್ಟೆಂಬರ್ಗಿನ ರೈತರು, ಮನೆಗೆಲಸದವರು ವಾರವಾರವೂ ಕೊಟ್ಟರು. 1894ರಲ್ಲಿ ಮಂಗಳೂರಿನ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟನ್ನು ನಾವು ಇಂದಿಗೂ ತೆರೆಯುತ್ತೇವೆ. ಕಿಟ್ಟೆಲ್ಲರಿಗೆ ನಮಸ್ಕಾರ ಹೇಳುತ್ತೇವೆ, ಪ್ರತಿಮೆ ನಿಲ್ಲಿಸಿದ್ದೇವೆ. ಅವರನ್ನು ಇಲ್ಲಿಗೆ ಕಳಿಸಿದ ಮಿಷನ್ನನ್ನು ಸಾಕಿದ ಆ ರೈತರಿಗೆ ಕನ್ನಡ ಎಂಬ ಭಾಷೆ ಇದೆಯೆಂದಾದರೂ ಸರಿಯಾಗಿ ಗೊತ್ತಿತ್ತೋ ಇಲ್ಲವೋ.

ಕಸಾಮೇಜರ್ ಎಂಬ ನಿವೃತ್ತ ನ್ಯಾಯಾಧೀಶನದು ಇನ್ನೂ ಸ್ವಾರಸ್ಯದ ಕಥೆ. ನೀಲಗಿರಿಯ ಕೇತಿಯಲ್ಲಿ ನೆಲೆಸಿದ್ದ ಭಕ್ತ ಕ್ರೈಸ್ತ ಅವನು. ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ಹಳೆಯ ಕನ್ನಡ ಗ್ರಂಥಗಳನ್ನು ಅಚ್ಚು ಹಾಕಿಸುವ ಯೋಜನೆ ಹಾಕಿದಾಗ ಹಣ ಕೊಟ್ಟ. 1848ರಿಂದ 1853ರವರೆಗೆ ಬಿಬ್ಲಿಯೊಥೆಕಾ ಕರ್ನಾಟಿಕಾ ಮಾಲೆಯಲ್ಲಿ ಬಂದವು ಯಾವುವು? ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು. ಕ್ರಿಸ್ತಭಕ್ತನೊಬ್ಬನ ದುಡ್ಡಿನಲ್ಲಿ ವಿಠಲನ ಪದ ಅಚ್ಚಾಯಿತು. ಈ ದೇಶದ ಜನರನ್ನು ತಿಳಿಯಲು ಅವರ ಗ್ರಂಥ ಓದಬೇಕೆಂಬ ಮಿಷನರಿ ಲೆಕ್ಕಾಚಾರ ಇದರ ಹಿಂದೆ ಇತ್ತು, ಇಲ್ಲವೆನ್ನುವುದಿಲ್ಲ. ಪುಸ್ತಕ ಕೈಗೆ ಬಂದ ಮೇಲೆ ಆ ಲೆಕ್ಕಾಚಾರ ಯಾರಿಗೆ ಬೇಕು?

ಇನ್ನು ನಾಗಪುರಕ್ಕೆ ಮರಳಿ, ಇಲ್ಲಿನ ರೈಲಿನಲ್ಲಿ ಕೈ ಬದಲಾಯಿಸಿದ ಒಂದು ಪುಸ್ತಕದ ಕಥೆ. ಮರಾಠಿ ಕವಿ ನಾರಾಯಣ ವಾಮನ ತಿಲಕರು ಈ ಊರಿನಲ್ಲಿ ಸಿರಿವಂತ ಅಪ್ಪಾಸಾಹೇಬ ಬುಟಿಯವರ ಆಶ್ರಯದಲ್ಲಿದ್ದು ಸಂಸ್ಕೃತ ಗ್ರಂಥಗಳ ಕೆಲಸ ಮಾಡಿದವರು. 1893ರಲ್ಲಿ ಕೆಲಸ ಹುಡುಕಿ ರಾಜನಾಂದಗಾಂವ್‌ಗೆ ಹೊರಟಾಗ ಗಾಡಿಯಲ್ಲಿ ಒಬ್ಬ ಬಿಳಿಯ ಸಹಪ್ರಯಾಣಿಕ ಮಾತಿಗೆ ಸಿಕ್ಕಿದ. ಇಳಿಯುವಾಗ ಹೊಸ ಒಡಂಬಡಿಕೆಯ ಪ್ರತಿಯೊಂದನ್ನು ಕೈಗಿತ್ತು, ಓದಿ ಎಂದ. ಚಿತ್ಪಾವನ ಬ್ರಾಹ್ಮಣ ತಿಲಕರಿಗೆ ಅದರಲ್ಲಿ ರುಚಿ ಇರಲಿಲ್ಲ. ಮಾತು ಕೊಟ್ಟಿದ್ದರಿಂದ ಓದಿದರು. ಬೆಟ್ಟದ ಮೇಲಿನ ಪ್ರಸಂಗಕ್ಕೆ ಬಂದಾಗ ಹಿಡಿದಿಟ್ಟಿತು. 1895ರ ಫೆಬ್ರವರಿ 10ರಂದು ಮುಂಬಯಿಯಲ್ಲಿ ಬ್ಯಾಪ್ಟಿಸಮ್ ಪಡೆದರು.

ಆ ಪುಸ್ತಕದ ಬೆಲೆ ತೆತ್ತವರು ಬೇರೆ. ಹೆಂಡತಿ ಲಕ್ಷ್ಮೀಬಾಯಿಗೆ ಸುದ್ದಿ ಮುಟ್ಟಿದಾಗ ಅವರ ಲೋಕವೇ ಕುಸಿಯಿತು. ಮಡಿ ಮೈಲಿಗೆಯ ಮನೆಯಲ್ಲಿ ಬೆಳೆದ ಹೆಣ್ಣು, ಕೈಯಲ್ಲೊಂದು ಕೂಸು. ಗಂಡನಿಂದ ಐದು ವರ್ಷ ದೂರ ಉಳಿದು, 1900ರಲ್ಲಿ ತಾವೂ ಕ್ರೈಸ್ತರಾದರು. 1934ರಿಂದ ಬಿಡಿಬಿಡಿಯಾಗಿ ಹೊರಬಂದ ಅವರ ‘ಸ್ಮೃತಿಚಿತ್ರೆ’ಯಲ್ಲಿ ತಿಲಕರ ಔದಾರ್ಯದ ಒಳಮನೆ ಕಾಣುತ್ತದೆ. ಜೇಬಿನಲ್ಲಿ ದುಡ್ಡು ನಿಲ್ಲದ ಗಂಡ. ದಾರಿಯಲ್ಲಿ ಸಿಕ್ಕವರೆಲ್ಲ ಊಟಕ್ಕೆ ಹಾಜರ್. ಅಡುಗೆಮನೆಯಲ್ಲಿ ಡಬ್ಬಿ ತಡಕುವವಳು ಲಕ್ಷ್ಮೀಬಾಯಿ. ದಾನಿಯ ಜೀವನಚರಿತ್ರೆಗಳಲ್ಲಿ ಅಕ್ಕಿ ಡಬ್ಬಿಯ ತಳ ಕಾಣಿಸುವುದಿಲ್ಲ. ಈ ಪುಸ್ತಕದಲ್ಲಿ ಕಾಣಿಸುತ್ತದೆ. ಅವರು ಗಂಡನನ್ನು ಗೇಲಿ ಮಾಡುತ್ತಾರೆ, ಜಗಳವಾಡುತ್ತಾರೆ, ಕೊನೆಗೆ ತಾವೇ ಇನ್ನೊಬ್ಬರ ಮಕ್ಕಳನ್ನು ಮನೆಗೆ ಸೇರಿಸಿಕೊಳ್ಳುತ್ತಾರೆ. ಕ್ರೈಸ್ತ ಔದಾರ್ಯದ ಬಗ್ಗೆ ಒಂದೇ ಪುಸ್ತಕ ಓದಿ ಎಂದರೆ ನಾನು ಯಾವ ಸಂತನ ಚರಿತ್ರೆಯನ್ನೂ ಹೇಳದೆ ಇದನ್ನೇ ಹೇಳುತ್ತೇನೆ.

ತಿಲಕರು 1919ರಲ್ಲಿ ತೀರಿಕೊಂಡರು. ಕ್ರಿಸ್ತನ ಜೀವನವನ್ನು ಕುರಿತ ‘ಖ್ರಿಸ್ತಾಯನ’ ಎಂಬ ಮಹಾಕಾವ್ಯ ಹತ್ತು ಹನ್ನೊಂದು ಅಧ್ಯಾಯಕ್ಕೆ ನಿಂತಿತ್ತು. ಮದುವೆಯಾಗಿ ಬಂದಾಗ ಓದುಬರಹ ತಿಳಿಯದಿದ್ದ, ಗಂಡನಿಂದಲೇ ಅಕ್ಷರ ಕಲಿತ ಲಕ್ಷ್ಮೀಬಾಯಿ ಉಳಿದ ಅರವತ್ತಕ್ಕೂ ಹೆಚ್ಚು ಅಧ್ಯಾಯಗಳನ್ನು ತಾವೇ ಬರೆದು ಮುಗಿಸಿದರು.