ಮೊದಲ ಸಲ ತೆರೆಯುವವರಿಗಾಗಿ

(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನನಗೆ ಪರಿಚಯದ ಅಕ್ಕ ಒಬ್ಬರು ಮಕ್ಕಳ ಓದು ಮುಗಿದ ಮೇಲೆ ಪಿಎಚ್.ಡಿ.ಗೆ ಸೇರಿದರು. ಪ್ರಬಂಧ ಸಲ್ಲಿಸಲು ಮೂರು ವಾರ ಉಳಿದಿದ್ದಾಗ, ಗ್ರಂಥಸೂಚಿಯ ಶೈಲಿ ಬದಲಿಸಬೇಕು ಎಂದು ಮಾರ್ಗದರ್ಶಕರು ಹೇಳಿದರಂತೆ. ಇನ್ನೂರು ಉಲ್ಲೇಖಗಳು, ಎಲ್ಲವೂ ಕೈಯಾರೆ ಟೈಪ್ ಮಾಡಿದ್ದು! ನಾನು ಝೊಟೆರೊ ಬಳಸಿ ಎಂದೆ.

ಝೊಟೆರೊ 2006ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಿಂದ ಬಂದ ಉಚಿತ ತಂತ್ರಾಂಶ. ಪುಸ್ತಕದ ಐಎಸ್‌ಬಿಎನ್ ಅಥವಾ ಲೇಖನದ ಡಿಒಐ ಸಂಖ್ಯೆ ಕೊಟ್ಟರೆ ಸಾಮಾನ್ಯವಾಗಿ ವಿವರ ತಾನೇ ತುಂಬಿಕೊಳ್ಳುತ್ತದೆ. ವರ್ಡ್‌ನಲ್ಲಿ ಉಲ್ಲೇಖಗಳನ್ನು ಅದರ ಮೂಲಕ ಸೇರಿಸಿದ್ದರೆ ಇಡೀ ಗ್ರಂಥಸೂಚಿಯ ಶೈಲಿಯನ್ನು ಒಂದೇ ಕಡೆಯಿಂದ ಬದಲಿಸಬಹುದು.

ಕೈಪಿಡಿ ಬರೆಯುವುದು ನನ್ನ ಕೆಲಸದ ಭಾಗವೇ. ಅಂದು ರಾತ್ರಿಯೇ ನಾಲ್ಕು ಪುಟ ಬರೆದು ಕಳಿಸಿದೆ. ಎರಡು ದಿನ ಕಳೆದು ಅಕ್ಕ ಫೋನ್ ಮಾಡಿದರು: "ನೀನು ಬರೆದದ್ದು ಮೂರು ಸಲ ಓದಿದೆ ಕಣೇ, ತಲೆಗೆ ಹತ್ತಲಿಲ್ಲ. ಈ ವಯಸ್ಸಿಗೆ ಇದೆಲ್ಲ ನನಗೆ ಬೇಡಿತ್ತು."

ಭಾನುವಾರ ಅವರ ಮನೆಗೆ ಹೋದೆ. ಮೌಸ್ ಮುಟ್ಟದೆ, ಬಾಯಿ ಬಿಡದೆ, ಪಕ್ಕದಲ್ಲಿ ಕುಳಿತು ನೋಡಿದೆ. ತಪ್ಪು ಅವರದಲ್ಲ, ನನ್ನ ನಾಲ್ಕು ಪುಟದ್ದು.

ಮೊದಲ ಪುಟದಲ್ಲೇ ಸಿಂಕ್, ಮೆಟಾಡೇಟಾ, ಪ್ಲಗಿನ್ ಎಂದು ಬರೆದಿದ್ದೆ. ಅವರಿಗೆ ಬೇಕಿದ್ದದ್ದು ಒಂದು ಪುಸ್ತಕ ಸೇರಿಸಿ, ಅದರ ಒಂದು ಉಲ್ಲೇಖವನ್ನು ಪ್ರಬಂಧದಲ್ಲಿ ಕಾಣುವುದಷ್ಟೇ. ತಂತ್ರಾಂಶದ ಜೊತೆಗೆ ಬ್ರೌಸರ್‌ಗೆ ಕನೆಕ್ಟರ್ ಎಂಬುದನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ನನಗದು ಎಷ್ಟು ರೂಢಿಯೆಂದರೆ ಬರೆಯುವುದೇ ಮರೆತಿತ್ತು. ಪಾಪ, ಅವರು ಇಲ್ಲದ ಗುಂಡಿಯನ್ನು ಎರಡು ದಿನ ಹುಡುಕಿದ್ದರು.

'ಕಲೆಕ್ಷನ್' ಪದವೂ ತೊಡಕಾಯಿತು. ಅಲ್ಲಿಂದ ತೆಗೆದರೆ ಪುಸ್ತಕವೇ ಅಳಿಸಿಹೋಗುತ್ತದೆಂಬ ಭಯ. ನಾನು ಹೇಳಿದೆ: "ಅಕ್ಕಾ, ನಿಮ್ಮ ಹೆಸರು ನಾಟಕದ ಪಟ್ಟಿಯಲ್ಲೂ ಇದೆ, ರಂಗೋಲಿ ಪಟ್ಟಿಯಲ್ಲೂ ಇದೆ. ನಾಟಕದ ಪಟ್ಟಿಯಿಂದ ತೆಗೆದರೆ ಸಂಘದ ಸದಸ್ಯತ್ವ ಹೋಗುತ್ತದೆಯೇ?" ನಕ್ಕರು, ಅರ್ಥವಾಯಿತು. ಆದರೆ ಟ್ರ್ಯಾಶ್‌ಗೆ ಹಾಕಿದರೆ ಎಲ್ಲ ಪಟ್ಟಿಗಳಿಂದಲೂ ಹೋಗುತ್ತದೆ.

ಇನ್ನೊಂದು ಎಚ್ಚರಿಕೆಯನ್ನೂ ಬಿಟ್ಟಿದ್ದೆ. 'ಅನ್‌ಲಿಂಕ್ ಸೈಟೇಶನ್ಸ್' ಒತ್ತಿದರೆ ಉಲ್ಲೇಖಗಳು ಬರೀ ಅಕ್ಷರಗಳಾಗಿಬಿಡುತ್ತವೆ, ಮತ್ತೆ ಶೈಲಿ ಬದಲಿಸಲಾಗದು. ಮೊದಲು ಕಡತದ ಪ್ರತಿ ಇಟ್ಟುಕೊಳ್ಳಬೇಕು. ಇಂಥ ಮಾತು ಕೊನೆಯ ಪುಟದಲ್ಲಿದ್ದರೆ ಪ್ರಯೋಜನವಿಲ್ಲ, ಆ ಗುಂಡಿಯ ಹೆಸರು ಬರುವಲ್ಲೇ ಇರಬೇಕು.

ನಾಲ್ಕು ಪುಟ ಒಂದು ಪುಟವಾಯಿತು. ಹತ್ತು ನಿಮಿಷದಲ್ಲಿ ಮೊದಲ ಉಲ್ಲೇಖ ಮೂಡಿತು. ಉಳಿದವನ್ನು ದಿನಕ್ಕಿಷ್ಟೆಂದು ಅಕ್ಕನೇ ಸೇರಿಸಿದರು. ಪ್ರಬಂಧ ಗಡುವಿನೊಳಗೆ ಸಲ್ಲಿಕೆಯಾಯಿತು.

ಸಹೋದರಿಯರೇ, ಕೈಪಿಡಿ ಅರ್ಥವಾಗದಿದ್ದಾಗ "ನಾನೇ ದಡ್ಡಿ" ಅಂದುಕೊಳ್ಳಬೇಡಿ. ಎಡವಿದ ಜಾಗವನ್ನು ಅಂದೇ ಬರೆದಿಡಿ. ರೂಢಿಯಾದ ಮೇಲೆ ಆ ಕಲ್ಲು ಯಾರ ಕಣ್ಣಿಗೂ ಬೀಳುವುದಿಲ್ಲ. ಜ್ಯಾಬ್‌ರೆಫ್‌ನಂಥ ಮುಕ್ತ ತಂತ್ರಾಂಶಗಳ ಕೈಪಿಡಿಗೆ ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದು, ಕೋಡ್ ಬರೆಯಲು ಬರಬೇಕೆಂದಿಲ್ಲ. ನಿಮ್ಮ ಒಂದು ಸಾಲು ಮುಂದೆ ಇಂಥ ಇನ್ನೊಬ್ಬ ಅಕ್ಕನ ಎರಡು ದಿನ ಉಳಿಸೀತು.